ಮತ್ತಾಯನು ಬಿಡದೆ ಬರೆದ ಹೆಸರುಗಳು

(ತಳಕು ಸಭೆಯಲ್ಲಿ ಡಿಸೆಂಬರ್ ತಿಂಗಳ ಮೊದಲ ಭಾನುವಾರ ಕೊಟ್ಟ ಸಂದೇಶದ ಬರಹ ರೂಪ. ವಾಕ್ಯಭಾಗ: ಮತ್ತಾಯನ ಸುವಾರ್ತೆ, 1ನೇ ಅಧ್ಯಾಯ)

ದೇವರಿಗೆ ಸ್ತೋತ್ರ. ಹಿಂದೆ ಬಾಗಿಲ ಹತ್ತಿರ ಕೂತಿರೋರು ಸ್ವಲ್ಪ ಮುಂದೆ ಬನ್ನಿ. ಈ ವಾರ ನನ್ನ ಗಂಟಲು ಸರಿಯಿಲ್ಲ, ಕರೆಂಟ್ ಹೋದರೆ ಮೈಕೂ ಇರೋದಿಲ್ಲ.

ನಿಮ್ಮ ಸತ್ಯವೇದ ತೆರೆಯಿರಿ. ಹೊಸ ಒಡಂಬಡಿಕೆಯ ಮೊದಲನೇ ಪುಟ. ಮತ್ತಾಯ ಒಂದನೇ ಅಧ್ಯಾಯ. ಸಿಕ್ತಾ? ಸಿಕ್ಕಿದವರು ಆಮೆನ್ ಹೇಳಿ. ಈ ಪುಟ ಹುಡುಕೋದು ಸುಲಭ, ಓದೋದೇ ಕಷ್ಟ. ನಿಜ ಹೇಳಿ, ಡಿಸೆಂಬರ್ ಬಂತು ಅಂತ ಕ್ರಿಸ್ಮಸ್ ಕಥೆ ಓದೋಕೆ ಕೂತಾಗ ನಿಮ್ಮಲ್ಲಿ ಎಷ್ಟು ಜನ ಮೊದಲನೇ ವಚನದಿಂದ ಶುರು ಮಾಡ್ತೀರಿ? ನಾವೆಲ್ಲ ಹದಿನೆಂಟನೇ ವಚನಕ್ಕೆ ಹಾರಿಬಿಡ್ತೀವಿ. ಅಲ್ಲಿಂದ ಕಥೆ ಬರುತ್ತೆ, ಮರಿಯ ಬರ್ತಾಳೆ, ದೇವದೂತ ಬರ್ತಾನೆ. ಅದಕ್ಕೆ ಮುಂಚೆ ಇರೋದು ಬರೀ ಹೆಸರು. ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುವಾಗ ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬೊಬ್ಬರು ಒಂದೊಂದು ಅಧ್ಯಾಯ ಓದಬೇಕಿತ್ತು. ಈ ಅಧ್ಯಾಯದ ದಿನ ಯಾರ ಸರದಿ ಅಂತ ಎಲ್ಲರೂ ಮೊದಲೇ ಲೆಕ್ಕ ಹಾಕ್ತಿದ್ವಿ. ಒಂದು ಸಲ ನನಗೇ ಬಂತು. ಜೆರುಬ್ಬಾಬೆಲನ ಹತ್ತಿರ ಎಡವಿದವನು ಯೋಸೇಫನ ತನಕ ಏಳಲೇ ಇಲ್ಲ. ಹಿಂದೆ ಕೂತ ಗೆಳೆಯರ ನಗು ಇನ್ನೂ ಕಿವಿಯಲ್ಲಿದೆ.

ಬೇರೆ ಮೂವರು ಸುವಾರ್ತಿಕರು ಹೀಗೆ ಮಾಡಲಿಲ್ಲ ನೋಡಿ. ಮಾರ್ಕನು ನೇರವಾಗಿ ಅಡವಿಗೆ, ಹೊಳೆದಂಡೆಗೆ ಕರಕೊಂಡು ಹೋಗ್ತಾನೆ. ಲೂಕನು ಥೆಯೊಫಿಲನಿಗೆ ಕಾಗದ ಬರೆದ ಹಾಗೆ, ತಾನು ಎಲ್ಲವನ್ನೂ ವಿಚಾರಿಸಿದ್ದೇನೆ ಅನ್ನೋ ಮಾತಿನಿಂದ ಶುರು ಮಾಡ್ತಾನೆ. ಯೋಹಾನನು ಲೋಕ ಹುಟ್ಟೋದಕ್ಕೂ ಹಿಂದಕ್ಕೆ ಹೋಗ್ತಾನೆ. ಮತ್ತಾಯನೊಬ್ಬನೇ ಮನೆತನದ ಪಟ್ಟಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಅವನನ್ನು ದಾಟಿಕೊಂಡೇ ನಾವು ಯೇಸುವಿನ ಹತ್ತಿರ ಹೋಗಬೇಕು.

ಈ ಪುಟ ಕನ್ನಡಕ್ಕೆ ಬಂದಿದ್ದೂ ನಮ್ಮ ಕಡೆಯಿಂದಲೇ, ಅದು ಗೊತ್ತಿರಲಿ. ಇಲ್ಲಿಂದ ಬಸ್ ಹತ್ತಿದರೆ ಬಳ್ಳಾರಿ. 1810ರಲ್ಲಿ ಜಾನ್ ಹ್ಯಾಂಡ್ಸ್ ಅನ್ನೋ ಲಂಡನ್ ಮಿಷನ್ನಿನವರು ಬಳ್ಳಾರಿಗೆ ಬಂದು ನೆಲೆನಿಂತು ಕನ್ನಡ ಕಲಿತರು. ಆಮೇಲೆ ವಿಲಿಯಂ ರೀವ್ ಅವರ ಜೊತೆ ಸೇರಿದರು. ಸತ್ಯವೇದ ಪೂರ್ತಿಯಾಗಿ ಕನ್ನಡದಲ್ಲಿ ಬಂದಿದ್ದು 1831ರಲ್ಲಿ. ಇಪ್ಪತ್ತು ವರ್ಷಕ್ಕೆ ಮೇಲಾಯ್ತು. ಹೊಸ ಒಡಂಬಡಿಕೆಯ ಮೊದಲ ಪುಟ ಅಂದ ಮೇಲೆ ಈ ಹೆಸರುಗಳನ್ನು ಕನ್ನಡದ ಅಕ್ಷರಕ್ಕೆ ಇಳಿಸೋ ಕೆಲಸ ಅವರಿಗೂ ತಪ್ಪಲಿಲ್ಲ. ಓದೋಕೇ ನನಗೆ ಇಷ್ಟು ಕಷ್ಟ, ಅವರು ಒಂದೊಂದು ಹೆಸರನ್ನೂ ನಮ್ಮ ನಾಲಿಗೆಗೆ ಹೊಂದಿಸಿ ಕೂರಿಸಿದರಲ್ಲ.

ಪ್ರಿಯರೇ, ಹೆಸರಿನ ಪಟ್ಟಿ ಬೇಸರ ಅಂತ ನಾವು ಹೇಳೋ ಹಾಗಿಲ್ಲ. ನಾವು ಹೆಸರಿನ ಊರಿನವರು. ಶಾಲೆಗೆ ಹೋದ ಯಾವ ಹುಡುಗನನ್ನಾದರೂ ಕೇಳಿ, ತ.ರಾ.ಸು. ಅಂದರೆ ಏನು ಅಂತ. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ನಾಡಿಗೆಲ್ಲ ಹೇಳಿದವರ ಹೆಸರಲ್ಲಿ ಮೊದಲ ಅಕ್ಷರ ನಮ್ಮೂರು, ಎರಡನೇದು ಅಪ್ಪ, ಮೂರನೇದು ಅವರು. ಕುವೆಂಪು ಅವರ ಗುರುಗಳಾದ ವೆಂಕಣ್ಣಯ್ಯನವರ ಇನಿಷಿಯಲ್ಲೂ ನಮ್ಮೂರಿಂದಲೇ ಶುರು. ಮತ್ತಾಯನೂ ಅದನ್ನೇ ಮಾಡಿದ್ದಾನೆ. ಯೇಸು ಯಾರು ಅಂತ ಹೇಳೋ ಮೊದಲು ಯೇಸು ಯಾರವನು ಅಂತ ಹೇಳಿದ. ನಮ್ಮಲ್ಲೂ ಹೊಸಬ ಬಂದರೆ ಅಜ್ಜಂದಿರು ಕೇಳೋ ಮೊದಲ ಮಾತು ಅದೇ ತಾನೇ? ನಿನ್ನ ಹೆಸರೇನು ಅಂತ ಅಲ್ಲ. ಯಾರ ಪೈಕೀನಪ್ಪ ನೀನು?

ಈಗ ಒಂದು ವಿಷಯ ಹೇಳ್ತೀನಿ. ಇದನ್ನು ಹೇಳಬೇಕೋ ಬೇಡವೋ ಅಂತ ಎರಡು ವಾರ ದೇವರ ಸನ್ನಿಧಿಯಲ್ಲಿ ಕೂತಿದ್ದೆ.

ಹೋದ ತಿಂಗಳು ಶೇಂಗಾ ಕಿತ್ತು ಕಣದ ಕೆಲಸ ಮುಗಿದ ಮೇಲೆ ನಮ್ಮ ಅಣ್ಣನ ಮನೆಗೆ ಹೆಳವಪ್ಪ ಬಂದಿದ್ದ. ಹೆಳವರು ನಿಮಗೆಲ್ಲ ಗೊತ್ತು, ಗೊತ್ತಿಲ್ಲದ ಚಿಕ್ಕ ಮಕ್ಕಳಿಗೆ ಹೇಳ್ತೀನಿ. ಮನೆತನದ ವಂಶಾವಳಿ ಬರೆದಿಟ್ಟುಕೊಂಡು ಓದೋರು. ಹಿಂದೆ ಎತ್ತಿನ ಮೇಲೆ ಕೂತು ಬರ್ತಿದ್ದರು, ಈಗ ಈತ ಬೈಕಿನಲ್ಲಿ ಬಂದ. ಕೆಲವು ವರ್ಷಕ್ಕೊಂದು ಸಲ ಬರ್ತಾರೆ. ಜಗಲಿ ಮೇಲೆ ಕೂತು, ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ ಬಿಚ್ಚಿ, ಮೂಲಪುರುಷ ಎಲ್ಲಿಂದ ಬಂದ, ಯಾವ ಬರಗಾಲದಲ್ಲಿ ಊರು ಬಿಟ್ಟ, ಅವನಿಗೆ ಎಷ್ಟು ಜನ ಗಂಡುಮಕ್ಕಳು, ಯಾರ ಹೊಟ್ಟೆಯಲ್ಲಿ ಯಾರು, ಎಲ್ಲವನ್ನೂ ರಾಗವಾಗಿ ಓದ್ತಾರೆ. ಮನೆಯವರು ಕಾಳು, ದುಡ್ಡು, ಬಟ್ಟೆ, ಕೈಲಾದವರು ಕುರಿಮರಿನೋ ಕರುನೋ ಕೊಡ್ತಾರೆ. ಆಮೇಲೆ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗ್ತಾರೆ.

ನಾನು ರಕ್ಷಣೆ ಹೊಂದಿದ ಮೇಲೆ ಇಂಥ ಕೆಲಸಕ್ಕೆ ಮನೆಯವರು ನನ್ನನ್ನು ಕರೆಯಲ್ಲ. ಅವತ್ತು ಅವ್ವನಿಗೆ ಮಾತ್ರೆ ಕೊಡೋಕೆ ಹೋಗಿದ್ದೆ, ಹಾಗಾಗಿ ಅಲ್ಲಿದ್ದೆ. ಹೆಳವಪ್ಪ ಏಳು ತಲೆಮಾರು ಓದಿದ. ನಾನು ಮೂಲೆಯಲ್ಲಿ ನಿಂತು ಕೇಳಿದೆ. ಸತ್ಯ ಹೇಳಬೇಕಂದರೆ ಮೈ ಜುಮ್ಮೆಂದಿತು. ನನಗೆ ಮುತ್ತಜ್ಜನ ಹೆಸರೇ ಗೊತ್ತಿರಲಿಲ್ಲ. ಕೊನೆಗೆ ಅಪ್ಪನ ಹೆಸರು ಬಂತು. ಅಪ್ಪ ತೀರಿಕೊಂಡು ವರ್ಷ ಆಯ್ತು. ಆಮೇಲೆ ಅಣ್ಣನ ಹೆಸರು. ಅದಾದ ಮೇಲೆ ಹೆಳವಪ್ಪ ಬೆರಳಿಟ್ಟು ನನ್ನ ಹೆಸರು ಓದೋಕೆ ಹೋದ. ಅಣ್ಣ ತಡೆದ. "ಅದನ್ನ ಬಿಡು. ಅವನು ಏಸು ಕಡೆ ಹೋದ. ಅವನ ಮನೇದು ಮುಂದಕ್ಕೆ ಬರೀಬೇಡ" ಅಂದ.

ಹೆಳವಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಅಣ್ಣನನ್ನು ನೋಡಿದ. "ಯಜಮಾನ್ರೇ, ಈತ ಹುಟ್ಟಿದ್ದು ಈ ಮನ್ಯಾಗೋ, ಬ್ಯಾರೆ ಕಡೀಗೋ?" ಅಂತ ಕೇಳಿದ. ಅಣ್ಣ ಸುಮ್ಮನಾದ. ಹೆಳವಪ್ಪ ನನ್ನ ಹೆಸರು ಓದಿದ. ನನ್ನ ಹೆಂಡತಿ ಹೆಸರು ಕೇಳಿದ, ಮಗಳ ಹೆಸರು ಕೇಳಿದ, ಬರೆದುಕೊಂಡ. ಯೇಸುವಿನ ಹೆಸರಿಗಾಗಿ ಮನೆಯಿಂದ ದೂರ ಆದವನ ಹೆಸರು ಆ ಪುಸ್ತಕದಲ್ಲಿ ಉಳೀತು. ದೇವರಿಗೆ ಸ್ತೋತ್ರ. ಹಲ್ಲೆಲೂಯಾ.

ಇಲ್ಲಿಗೇ ನಿಲ್ಲಿಸಿದರೆ ಇದು ಒಳ್ಳೆ ಸಾಕ್ಷಿ. ನಾನೂ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಅದರ ಮುಂದೆ ಇನ್ನೊಂದು ನಡೀತು. ಅದನ್ನು ಆಮೇಲೆ ಹೇಳ್ತೀನಿ. ಮೊದಲು ಮತ್ತಾಯನ ಹತ್ತಿರ ಹೋಗೋಣ.

ಯೆಹೂದ್ಯರಿಗೆ ಈ ಪಟ್ಟಿ ಆಟದ ವಿಷಯ ಆಗಿರಲಿಲ್ಲ. ಎಜ್ರನ ಪುಸ್ತಕದ ಎರಡನೇ ಅಧ್ಯಾಯ ಮನೆಗೆ ಹೋಗಿ ಓದಿ. ಬಾಬೆಲಿನ ಸೆರೆಯಿಂದ ಜನ ತಿರುಗಿ ಬಂದಾಗ ಕೆಲವು ಯಾಜಕರ ಮನೆತನದವರು ತಮ್ಮ ವಂಶಾವಳಿಯ ಪತ್ರ ಹುಡುಕಿದರು. ಸಿಗಲಿಲ್ಲ. ಯಾಜಕಸೇವೆಯಿಂದ ಅವರನ್ನು ಹೊರಗಿಟ್ಟರು. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಕೆಲಸ ಇಲ್ಲ, ಮರ್ಯಾದೆ ಇಲ್ಲ. ನಾಡಕಚೇರಿಯಲ್ಲಿ ಸಾಲಿನಲ್ಲಿ ನಿಂತವರಿಗೆ ಇದು ಬೇಗ ಅರ್ಥ ಆಗುತ್ತೆ.

ಅಂಥ ಜನರಿಗೆ ಮತ್ತಾಯ ಬರೀತಾ ಇದ್ದಾನೆ. ಯೇಸುವೇ ಮೆಸ್ಸೀಯ ಅಂತ ತೋರಿಸಬೇಕು. ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡ್ತಿದ್ದೆ? ಒಳ್ಳೊಳ್ಳೆ ಹೆಸರು ಆರಿಸಿ ಮುಂದಿಡ್ತಿದ್ದೆ. ಹೆಣ್ಣುಮಕ್ಕಳ ಹೆಸರು ಬೇಕೇ ಬೇಕು ಅಂದರೆ ಸಾರಳನ್ನು ಹಾಕ್ತಿದ್ದೆ, ರೆಬೆಕ್ಕಳನ್ನು ಹಾಕ್ತಿದ್ದೆ. ಯಾರೂ ಬೆರಳು ತೋರಿಸಲ್ಲ. ಮತ್ತಾಯ ಸಾರಳನ್ನು ಬಿಟ್ಟ. ರೆಬೆಕ್ಕಳನ್ನೂ ಬಿಟ್ಟ. ಬರೆದಿದ್ದು ಯಾರನ್ನು? ತಾಮಾರಳನ್ನು. ರಾಹಾಬಳನ್ನು. ರೂತಳನ್ನು. ಆಮೇಲೆ ಊರೀಯನ ಹೆಂಡತಿಯನ್ನು. ಮನೆತನದ ಕಥೆಯಲ್ಲಿ ದೊಡ್ಡವರು ದನಿ ತಗ್ಗಿಸೋ ಜಾಗ ಇರುತ್ತಲ್ಲ, ಸರಿಯಾಗಿ ಅಲ್ಲೇ ಮತ್ತಾಯ ದನಿ ಎತ್ತಿದ.

ತಾಮಾರಳ ಕಥೆ ಆದಿಕಾಂಡ 38ರಲ್ಲಿದೆ. ಸಂಡೇ ಸ್ಕೂಲಿನಲ್ಲಿ ಅದನ್ನು ಹೇಳಿಕೊಡಲ್ಲ. ಈಕೆ ಯೆಹೂದನ ಸೊಸೆ. ಮೊದಲ ಗಂಡ ಸತ್ತ, ಅವನ ತಮ್ಮನಿಗೆ ಕೊಟ್ಟರು, ಅವನೂ ಸತ್ತ. ಮೂರನೇ ಮಗ ಚಿಕ್ಕವನು. ಮಾವ ಏನಂದ? ಇವನು ದೊಡ್ಡವನಾಗೋ ತನಕ ತವರಲ್ಲಿರು, ಆಮೇಲೆ ಕರೆಸ್ತೀನಿ. ಹುಡುಗ ದೊಡ್ಡವನಾದ. ಕರೆಸಲಿಲ್ಲ. ಅಕ್ಕಂದಿರೇ, ತಾಯಂದಿರೇ, ಇದು ನಮಗೆ ಹೊಸದಾ? ತವರಿಗೆ ಕಳಿಸಿ ಮರೆತುಬಿಡೋದು? ಅತ್ತ ಗಂಡನ ಮನೆಯವಳೂ ಅಲ್ಲ, ಇತ್ತ ತವರಿನವಳೂ ಅಲ್ಲ, ವಿಧವೆಯ ಬಟ್ಟೆ ಬಿಚ್ಚೋ ಹಾಗೂ ಇಲ್ಲ. ಅವಳು ಆಮೇಲೆ ಮಾಡಿದ್ದನ್ನು ನಾನು ಸರಿ ಅನ್ನಲ್ಲ. ಮುಸುಕು ಹಾಕಿಕೊಂಡು ದಾರಿಯಲ್ಲಿ ಕೂತಳು. ಮಾವನಿಗೆ ಗುರುತು ಸಿಗಲಿಲ್ಲ. ಆಡಿನ ಮರಿ ಕಳಿಸ್ತೀನಿ ಅಂದ, ಅಲ್ಲೀತನಕ ಒತ್ತೆಯಾಗಿ ತನ್ನ ಮುದ್ರೆ, ಅದರ ದಾರ, ಕೈಕೋಲು ಕೊಟ್ಟುಹೋದ. ಮೂರು ತಿಂಗಳಾದ ಮೇಲೆ ಸುದ್ದಿ ಬಂತು, ಸೊಸೆ ಬಸುರಿ. ಯೆಹೂದ ಹಿಂದೆಮುಂದೆ ನೋಡಲಿಲ್ಲ, ಸುಟ್ಟುಹಾಕಿ ಅಂದ. ಅವಳು ಆ ಮೂರು ಸಾಮಾನು ಕಳಿಸಿದಳು. ಇವು ಯಾರವು ನೋಡಿ ಅಂದಳು, ಅಷ್ಟೇ.

ಆಗ ಯೆಹೂದ ಎಲ್ಲರ ಮುಂದೆ ಒಪ್ಪಿಕೊಂಡ. ತಪ್ಪು ತನ್ನದು, ಮಗನಿಗೆ ಕೊಡದೆ ಇದ್ದವನು ತಾನೇ, ತನಗಿಂತ ಅವಳೇ ವಾಸಿ ಅಂತ. ನನಗೆ ಈ ಅಧ್ಯಾಯದಲ್ಲಿ ಹಿಡಿಸಿದ್ದು ಇದು. ಯೆಹೂದ ತನ್ನ ತಮ್ಮನನ್ನು ಮಾರಿದವನು, ಅಪ್ಪನಿಗೆ ಸುಳ್ಳು ಹೇಳಿದವನು. ಅವನ ಬಾಯಲ್ಲಿ ತಪ್ಪೊಪ್ಪಿಗೆ ಮೊದಲ ಸಲ ಬಂದಿದ್ದು ಈ ಹೆಂಗಸಿನ ಮುಂದೆ. ಅವಳ ಹೊಟ್ಟೆಯ ಅವಳಿಗಳಲ್ಲಿ ಒಬ್ಬ ಪೆರೆಚ. ಪೆರೆಚನ ಸಾಲಿನಲ್ಲಿ ದಾವೀದ. ದಾವೀದನ ಸಾಲಿನಲ್ಲಿ ನಮ್ಮ ಕರ್ತ.

ರಾಹಾಬಳನ್ನು ನೀವೆಲ್ಲ ಬಲ್ಲಿರಿ, ಯೆರಿಕೋವಿನ ಸೂಳೆ ಅಂತ ಬೈಬಲ್ಲೇ ಹೇಳುತ್ತೆ, ಅವಳ ಬಗ್ಗೆ ಸಂದೇಶ ಬೇಕಾದಷ್ಟು ಕೇಳಿದ್ದೀರಿ. ರೂತಳು ಮೋವಾಬಿನವಳು. ಮೋವಾಬ್ಯರು ಹತ್ತನೇ ತಲೆಮಾರಾದರೂ ಸಭೆಗೆ ಸೇರಬಾರದು ಅಂತ ಧರ್ಮೋಪದೇಶಕಾಂಡ 23ರಲ್ಲಿ ಕಟ್ಟುನಿಟ್ಟು ಇದೆ. ಅಂಥವಳು ಬೋವಜನ ಹೊಲದಲ್ಲಿ ಹಕ್ಕಲು ಆಯ್ದಳು. ಕಿತ್ತು ಮುಗಿದ ಹೊಲದಲ್ಲಿ ಮಣ್ಣು ಕೆದಕಿ ಉಳಿದ ಶೇಂಗಾ ಆಯೋ ಹೆಂಗಸರನ್ನು ನೋಡಿದ್ದೀರಲ್ಲ, ಹಾಗೆ. ದಾವೀದರಾಜ ಅವಳ ಮೊಮ್ಮಗನ ಮಗ. ಹತ್ತನೇ ತಲೆಮಾರೂ ಬೇಕಾಗಲಿಲ್ಲ.

ನಾಲ್ಕನೆಯವಳ ಹತ್ತಿರ ಮತ್ತಾಯ ಒಂದು ಕೆಲಸ ಮಾಡಿದ್ದಾನೆ, ಗಮನಿಸಿ. ಬತ್ಷೆಬೆ ಅಂತ ಹೆಸರು ಬರೆಯಲಿಲ್ಲ. ಊರೀಯನ ಹೆಂಡತಿ ಅಂತ ಬರೆದ. ಸೊಲೊಮೋನ ಹುಟ್ಟುವಾಗ ಊರೀಯ ಸತ್ತಿದ್ದ, ಅವಳು ದಾವೀದನ ಹೆಂಡತಿ ಆಗಿದ್ದಳು. ಕಾಗದದ ಲೆಕ್ಕಕ್ಕೆ ದಾವೀದನ ಹೆಂಡತಿ ಅನ್ನಬಹುದಿತ್ತು. ಮತ್ತಾಯ ಊರೀಯನನ್ನು ಎಳೆದು ತಂದ. ಊರೀಯ ಯಾರು? ಹಿತ್ತಿಯ, ಪರದೇಶದವನು, ದಾವೀದನ ದಂಡಿನಲ್ಲಿದ್ದವನು. ತನ್ನನ್ನು ಕೊಲ್ಲಿಸೋ ಕಾಗದವನ್ನು ಗೊತ್ತಿಲ್ಲದೆ ತಾನೇ ಹೊತ್ತುಕೊಂಡು ಹೋಗಿ ಸೇನಾಪತಿಗೆ ಕೊಟ್ಟವನು. 2 ಸಮುವೇಲ 11. ದಾವೀದ ಅವನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಅಳಿಸಿಹಾಕಿದ. ಸಾವಿರ ವರ್ಷ ಆದ ಮೇಲೆ ಸುಂಕದ ಲೆಕ್ಕ ಬರೀತಿದ್ದ ಮತ್ತಾಯ ಅವನ ಹೆಸರನ್ನು ಮೆಸ್ಸೀಯನ ವಂಶಾವಳಿಯಲ್ಲಿ ತಂದು ಕೂರಿಸಿದ. ಊರೀಯ ಆ ವಂಶದವನೇ ಅಲ್ಲ! ರಕ್ತಸಂಬಂಧ ಇಲ್ಲ. ಆದರೂ ಅವನ ಹೆಸರು ಹೇಳದೆ ಸೊಲೊಮೋನನ ಹೆಸರಿಗೆ ಹೋಗಲ್ಲ ಅಂತ ಮತ್ತಾಯ ಹಟ ಹಿಡಿದ ಹಾಗಿದೆ.

ಮತ್ತಾಯ ಯಾರನ್ನೂ ಬಿಡಲಿಲ್ಲವಾ ಪಾಸ್ಟರ್ ಅಂತ ಕೇಳ್ತೀರಿ. ಬಿಟ್ಟಿದ್ದಾನೆ. 1 ಪೂರ್ವಕಾಲವೃತ್ತಾಂತದ ಮೂರನೇ ಅಧ್ಯಾಯ ಪಕ್ಕದಲ್ಲಿಟ್ಟು ನೋಡಿ. ಯೋರಾಮನಿಗೂ ಉಜ್ಜೀಯನಿಗೂ ನಡುವೆ ಮೂವರು ಇರಬೇಕು, ಅಹಜ್ಯ, ಯೆಹೋವಾಷ, ಅಮಚ್ಯ. ಮೂವರೂ ಸಿಂಹಾಸನದ ಮೇಲೆ ಕೂತವರು. ಇಲ್ಲಿ ಇಲ್ಲ. ರಾಜರನ್ನು ಬಿಟ್ಟು ರಾಹಾಬಳನ್ನು ಬರೆದ! ಅದಕ್ಕೆ ಕಾರಣ ಇದು, ಅದು ಅಂತ ಪಂಡಿತರು ಹೇಳ್ತಾರೆ. ಹದಿನಾಲ್ಕು ಹದಿನಾಲ್ಕು ತಲೆಮಾರಿನ ಲೆಕ್ಕಕ್ಕೆ ಹೊಂದಿಸೋಕೆ ಅಂತಲೂ, ದಾವೀದನ ಹೆಸರಿನ ಅಕ್ಷರಗಳನ್ನು ಇಬ್ರಿಯದಲ್ಲಿ ಅಂಕಿಯಾಗಿ ಕೂಡಿದರೆ ಹದಿನಾಲ್ಕು ಬರುತ್ತೆ ಅಂತಲೂ. ಇರಬಹುದು. ಅಂಕಿಯ ಮೇಲೆ ಸಂದೇಶ ಕಟ್ಟೋಕೆ ನನಗೆ ಇಷ್ಟ ಇಲ್ಲ. ಹೋದ ವರ್ಷ ಸಂಡೇ ಸ್ಕೂಲಿನ ಒಬ್ಬ ಹುಡುಗ ಬೆರಳು ಮಡಚಿ ಎಣಿಸಿ, "ಪಾಸ್ಟರ್, ಹದಿನಾಲ್ಕು ಮೂರಲೆ ನಲವತ್ತೆರಡು ಆಗಬೇಕು, ನಲವತ್ತೊಂದೇ ಐತೆ" ಅಂದ. ನಾನು ಬೈದು ಕೂರಿಸಿದೆ. ಮನೆಗೆ ಹೋಗಿ ಎಣಿಸಿದರೆ ಅವನೇ ಸರಿ. ಕೊನೆಯ ಗುಂಪಿನಲ್ಲಿ ಹದಿಮೂರೇ ಹೆಸರು ಸಿಗುತ್ತೆ. ತಮ್ಮಾ, ಇಲ್ಲೇ ಇದ್ದೀಯಲ್ಲ, ಅವತ್ತು ಬೈದಿದ್ದಕ್ಕೆ ಕ್ಷಮಿಸು.

ಇನ್ನೂ ಕೆಲವರಿದ್ದಾರೆ. ಅಜೋರ, ಸದೋಕ, ಅಖೀಮ, ಎಲಿಹೂದ. ಯಾರಿವರು? ಹಳೇ ಒಡಂಬಡಿಕೆ ಪೂರ್ತಿ ತಿರುಗಿಸಿದರೂ ಇವರ ಕಥೆ ಸಿಗಲ್ಲ. ಸೆರೆಯಿಂದ ಬಂದ ಮೇಲೆ ಸಿಂಹಾಸನ ಹೋಗಿತ್ತು, ಅರಮನೆ ಹೋಗಿತ್ತು. ದುಡಿದು, ಉಂಡು, ಮಕ್ಕಳನ್ನು ಸಾಕಿ ಸತ್ತ ಜನ ಇರಬೇಕು. ಅವರ ಬದುಕಿನ ಬಗ್ಗೆ ಉಳಿದಿರೋದು ಇಷ್ಟೇ, ಒಬ್ಬ ಮಗನನ್ನು ಮುಂದಿನವನ ಕೈಗೆ ದಾಟಿಸಿದರು ಅನ್ನೋದು.

ಈಗ ಹದಿನಾರನೇ ವಚನಕ್ಕೆ ಬನ್ನಿ. ಇವನು ಅವನನ್ನು ಪಡೆದನು ಅನ್ನೋ ಮಾತು ಅಲ್ಲೀತನಕ ಮೂವತ್ತೊಂಬತ್ತು ಸಲ ಬಂದಿದೆ. ಎಣಿಸಿದ್ದೀನಿ, ಈ ಸಲ ಆ ಹುಡುಗನ ಭಯಕ್ಕೆ ಎರಡು ಸಲ ಎಣಿಸಿದ್ದೀನಿ. ಯೋಸೇಫನ ಹತ್ತಿರ ಬಂದಾಗ ಆ ಮಾತು ತಪ್ಪುತ್ತೆ. ಯೋಸೇಫನು ಯೇಸುವನ್ನು ಪಡೆದನು ಅಂತ ಇಲ್ಲ. ಯೋಸೇಫನು ಮರಿಯಳ ಗಂಡ, ಯೇಸು ಹುಟ್ಟಿದ್ದು ಅವಳಲ್ಲಿ. ಅಲ್ಲಿಗೆ ಸಾಲು ಕಡಿದುಹೋಯ್ತು! ಅಬ್ರಹಾಮನಿಂದ ಕಷ್ಟಪಟ್ಟು ಎಳಕೊಂಡು ಬಂದ ಹಗ್ಗ ಕೊನೆಯ ಗಂಟಿನಲ್ಲಿ ಸೇರಲೇ ಇಲ್ಲ. ಹಾಗಾದರೆ ಯೇಸು ದಾವೀದನ ಮಗ ಆಗೋದು ಹೇಗೆ?

ಅದಕ್ಕೆ ಉತ್ತರ ಮುಂದಿನ ಭಾಗದಲ್ಲಿದೆ. ಮರಿಯಳ ಬಸುರಿನ ವಿಷಯ ತಿಳಿದ ಯೋಸೇಫ ಗುಟ್ಟಾಗಿ ಅವಳನ್ನು ಬಿಟ್ಟುಬಿಡೋಣ ಅಂತ ಯೋಚನೆ ಮಾಡಿದ್ದ. ಕೆಟ್ಟವನಲ್ಲ, ನ್ಯಾಯವಂತ. ಗಲಾಟೆ ಬೇಡ, ಪಂಚಾಯ್ತಿ ಬೇಡ, ಸದ್ದಿಲ್ಲದೆ ಹೆಸರು ತೆಗೆದುಬಿಡೋಣ. ಒಳ್ಳೆಯವರು ಹೀಗೇ ಮಾಡೋದು. ದೇವದೂತ ಕನಸಿನಲ್ಲಿ ಬಂದು ಅವನಿಗೆ ಎರಡು ಕೆಲಸ ಹೇಳಿದ. ಅವಳನ್ನು ಮನೆಗೆ ಕರಕೊಂಡು ಬಾ. ಮಗುವಿಗೆ ನೀನು ಹೆಸರಿಡು. ಹೆಸರಿಡೋದು ಅಂದರೆ ಏನು? ಈ ಮಗು ನನ್ನದು ಅಂತ ನಾಲ್ಕು ಜನರ ಮುಂದೆ ಹೇಳೋದು. ಕಡಿದುಹೋದ ಹಗ್ಗವನ್ನು ದೇವರು ಜೋಡಿಸಿದ್ದು ಒಬ್ಬ ಬಡಗಿಯ ಬಾಯಿಂದ. ಯೋಸೇಫ ಎದ್ದು ಹಾಗೇ ಮಾಡಿದ. ಈ ಅಧ್ಯಾಯದಲ್ಲಿ ಅವನು ಒಂದು ಮಾತೂ ಆಡಿದ್ದು ಬರೆದಿಲ್ಲ. ಅವನ ಬಾಯಿಂದ ಬಂದಿದೆ ಅಂತ ಗೊತ್ತಾಗೋದು ಒಂದೇ ಒಂದು ಹೆಸರು, ಯೇಸು. ಹಲ್ಲೆಲೂಯಾ.

ಈಗ ನಾನು ಆಗ ನಿಲ್ಲಿಸಿದ ಕಡೆಗೆ ಬರ್ತೀನಿ.

ನನ್ನ ಹೆಸರು ಬರೆದಾದ ಮೇಲೆ ಹೆಳವಪ್ಪ ಕೇಳಿದ, "ಹೆಣ್ಮಕ್ಕಳು ಎಷ್ಟು ಮಂದಿ?" ಅಣ್ಣ ಅಂದ, "ಇಬ್ರು."

ಇಬ್ಬರಲ್ಲ. ಮೂವರು. ನನಗೊಬ್ಬಳು ದೊಡ್ಡಕ್ಕ ಇದ್ದಾಳೆ. ನಿಮ್ಮಲ್ಲಿ ವಯಸ್ಸಾದವರಿಗೆ ಗೊತ್ತು, ಗೊತ್ತಿದ್ದೂ ನನ್ನನ್ನು ಯಾವತ್ತೂ ಕೇಳಿಲ್ಲ, ನಿಮ್ಮ ದೊಡ್ಡತನ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಹೊಲಕ್ಕೆ ಬೋರ್ ಕೊರೆಯೋಕೆ ಲಾರಿ ಬಂದಿತ್ತು. ಆ ಲಾರಿ ಜೊತೆ ಬಂದಿದ್ದ ಹುಡುಗನ ಹಿಂದೆ ಅವಳು ಹೋದಳು. ಮರುದಿನ ಅಪ್ಪ ಕಟ್ಟೆ ಮೇಲೆ ಕೂತಿದ್ದ ಜನರ ಮುಂದೆ, ನನಗೆ ಇಬ್ಬರೇ ಹೆಣ್ಣುಮಕ್ಕಳು ಅಂದುಬಿಟ್ಟ. ಅವತ್ತಿನಿಂದ ಮನೆಯಲ್ಲಿ ಆ ಹೆಸರು ಇಲ್ಲ. ಅವ್ವ ಮಾತ್ರ ಬಳೆಗಾರ ಬಂದಾಗ ಮೂರು ಡಜನ್ ಬಳೆ ಇಳಿಸಿಕೊಳ್ಳೋಳು. ಒಂದು ಡಜನ್ ಟ್ರಂಕಿನಲ್ಲಿ ಹೋಗಿ ಕೂರೋದು. ಅಪ್ಪ ನೋಡಿಯೂ ನೋಡದ ಹಾಗಿರೋನು.

ಅಣ್ಣ ಇಬ್ರು ಅಂದಾಗ ಹೆಳವಪ್ಪ ನನ್ನ ಕಡೆ ತಿರುಗಿದ. ಹಳೇ ಪುಸ್ತಕದಲ್ಲಿ ಅವನಿಗೆ ಏನಾದರೂ ಕಂಡಿತ್ತೋ, ಸುಮ್ಮನೆ ನೋಡಿದನೋ. ಅವ್ವ ಹೊಸಲಿನ ಒಳಗೆ ನಿಂತಿದ್ದಳು. ನಾನು ಬಾಯಿ ತೆರೆಯಲಿಲ್ಲ. ದೇವಜನರೇ, ರಾಹಾಬಳ ಮೇಲೆ ಈ ಸಭೆಯಲ್ಲಿ ಮೂರು ಸಲ ಸಂದೇಶ ಕೊಟ್ಟವನು ನಾನು. ಆಗತಾನೇ ನನ್ನ ಹೆಸರು ಉಳಿಯಿತಲ್ಲ, ಅಣ್ಣನಿಗೆ ಮತ್ತೆ ಸಿಟ್ಟು ಬರಿಸೋದು ಯಾಕೆ ಅನ್ನಿಸ್ತು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಅವ್ವ ಏನೂ ಅನ್ನದೆ ಮರ ತಗೊಂಡು ಹೆಳವಪ್ಪನಿಗೆ ಕಾಳು ತರೋಕೆ ಒಳಗೆ ಹೋದಳು.

ಇದು ಹೆಳವರ ಪುಸ್ತಕಕ್ಕೆ ಮುಗಿಯೋ ಮಾತಾಗಿದ್ದರೆ ನಾನು ಉಪವಾಸ ಮಾಡಿ ಸುಮ್ಮನಾಗ್ತಿದ್ದೆನೋ ಏನೋ. ಅಪ್ಪನ ಹೆಸರಲ್ಲಿರೋ ನಾಲ್ಕು ಎಕರೆ ಹೊಲಕ್ಕೆ ಪೌತಿ ಖಾತೆ ಆಗಬೇಕು. ಅದಕ್ಕೆ ವಂಶವೃಕ್ಷ ಬೇಕು. ಅಣ್ಣ ಅಫಿಡವಿಟ್ ಟೈಪ್ ಮಾಡಿಸಿ ನನಗೆ ಕಳಿಸಿದ್ದಾನೆ. ಎರಡು ಗಂಡು, ಎರಡು ಹೆಣ್ಣು. ಕೆಳಗೆ ನನ್ನ ಸಹಿಗೆ ಜಾಗ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನಾಗಿದೆ, ಅಣ್ಣನಿಗೂ ಗೊತ್ತು. ಅಣ್ಣ ಕೆಟ್ಟವನಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಎರಡು ಬೋರ್ ಕೊರೆಸಿದ, ಎರಡೂ ಒಣಗಿದವು. ಬೆಳೆ ಸಾಲಕ್ಕೆ ಖಾತೆ ಅವನ ಹೆಸರಿಗಾಗಬೇಕು. ಅಪ್ಪನ ಆಸ್ಪತ್ರೆ ಖರ್ಚು ಪೂರ್ತಿ ಹೊತ್ತವನು ಅವನೇ, ನಾನು ಕೊಟ್ಟಿದ್ದು ಬಹಳ ಕಡಿಮೆ. ಅವನ ಲೆಕ್ಕದಲ್ಲಿ, ಇಷ್ಟು ವರ್ಷ ಇಲ್ಲದ ಹೆಸರು ಈಗ ಯಾಕೆ ಅಂತ.

ಆ ಕಾಗದ ಹದಿನೈದು ದಿನದಿಂದ ಇಲ್ಲೇ ಇದೆ, ನನ್ನ ಸತ್ಯವೇದದೊಳಗೆ. ಈ ಸಂದೇಶ ಸಿದ್ಧ ಮಾಡೋಕೆ ಮತ್ತಾಯ ತೆರೆದಾಗಲೆಲ್ಲ ಅದು ಕೆಳಗೆ ಬೀಳ್ತಿತ್ತು. ಒಂದು ಪಟ್ಟಿಯನ್ನು ಸ್ತೋತ್ರ ಅಂತ ಓದೋದು, ಇನ್ನೊಂದು ಪಟ್ಟಿಗೆ ಸುಳ್ಳು ಸಹಿ ಹಾಕೋದು. ನನ್ನಿಂದ ಆಗಲಿಲ್ಲ.

ಗುರುವಾರ ರಾತ್ರಿ ಚಿಕ್ಕ ತಂಗಿಯಿಂದ ನಂಬರ್ ತಗೊಂಡು ದೊಡ್ಡಕ್ಕನಿಗೆ ಫೋನ್ ಮಾಡಿದೆ. ತಂಗಿಯ ಹತ್ತಿರ ಮೊದಲಿಂದ ನಂಬರ್ ಇತ್ತಂತೆ, ನಾನು ಕೇಳಿರಲಿಲ್ಲ. ದೊಡ್ಡಕ್ಕ ಹೊಸಪೇಟೆ ಕಡೆ ಇದ್ದಾಳೆ. ಮಗ ಐಟಿಐ ಓದ್ತಾನೆ. ಗಂಡ ಬಿಟ್ಟುಹೋಗಿ ಬಹಳ ವರ್ಷ ಆಯ್ತಂತೆ. ನಾನು ಹೆಳವಪ್ಪ ಬಂದಿದ್ದು, ಇಬ್ಬರು ಅಂದಿದ್ದು, ನಾನು ಸುಮ್ಮನಿದ್ದಿದ್ದು, ಕಾಗದದ ವಿಷಯ, ಎಲ್ಲ ಹೇಳಿದೆ. ಹೊಲದ ಬಗ್ಗೆ ಅವಳು ಏನೂ ಕೇಳಲಿಲ್ಲ. "ಅವ್ವ ಅಲ್ಲೇ ಇದ್ಲಾ?" ಅಂದಳು. ಇದ್ಲು ಅಂದೆ. "ಏನಂದ್ಲು?" ಕಾಳು ತರೋಕೆ ಒಳಗೆ ಹೋದ್ಲು ಅಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈ ಸಲ ಶೇಂಗಾ ಎಷ್ಟು ಚೀಲ ಆತು?" ಅಂತ ಕೇಳಿದಳು.

ಶುಕ್ರವಾರ ಅಣ್ಣನಿಗೆ ಹೇಳಿದೆ, ದೊಡ್ಡಕ್ಕನ ಹೆಸರು ಸೇರಿಸಿ ಬೇರೆ ಕಾಗದ ಮಾಡಿಸು, ಇದಕ್ಕೆ ಸಹಿ ಹಾಕಲ್ಲ ಅಂತ. ಫೋನ್ ಇಟ್ಟುಬಿಟ್ಟ. ಇವತ್ತು ಆರಾಧನೆ ಮುಗಿದ ಮೇಲೆ ಅವನ ಮನೆಗೆ ಹೋಗ್ತಾ ಇದ್ದೀನಿ. ಇಬ್ಬರು ಸಹೋದರರು ಜೊತೆಗೆ ಬರ್ತೀವಿ ಅಂದರು. ಬೇಡ ಅಂದೆ. ಪಾಸ್ಟರ್ ಜನ ಕಟ್ಟಿಕೊಂಡು ಹೊಲಕ್ಕೆ ಬಂದ ಅನ್ನೋ ಮಾತು ಬೇಡ. ನನ್ನ ಪಾಲಿನಿಂದ ಅಪ್ಪನ ಆಸ್ಪತ್ರೆ ಸಾಲಕ್ಕೆ ಎಷ್ಟು ಕೊಡಬಹುದು ಅಂತ ನಾನೂ ನನ್ನ ಹೆಂಡತಿಯೂ ಕೂತು ಲೆಕ್ಕ ಹಾಕಿದ್ದೀವಿ, ಅದನ್ನೂ ಹೇಳ್ತೀನಿ. ಹೆಳವಪ್ಪನ ನಂಬರೂ ಇದೆ. ನಾಯಕನಹಟ್ಟಿ ಕಡೆ ಇದ್ದಾನಂತೆ, ಇನ್ನೂ ದೂರ ಹೋಗಿಲ್ಲ.

ಎಲ್ಲರೂ ಎದ್ದು ನಿಲ್ಲಿ. ನಿಮ್ಮ ಮನೆಯಲ್ಲಿ ಹೇಳದೆ ಬಿಟ್ಟಿರೋ ಹೆಸರು ಯಾವುದಾದರೂ ಇದ್ದರೆ, ಗಟ್ಟಿಯಾಗಿ ಬೇಡ, ಪಕ್ಕದವರಿಗೆ ಕೇಳಿಸೋದು ಬೇಡ, ನಿಮ್ಮ ತುಟಿ ಅಲ್ಲಾಡುವಷ್ಟು ಈಗ ಹೇಳಿ. ನಾನು ನಮ್ಮ ಅಕ್ಕನ ಹೆಸರನ್ನು ಮೈಕಿನಲ್ಲಿ ಹೇಳ್ತಿಲ್ಲ, ಯಾಕಂದರೆ ಇದು ರೆಕಾರ್ಡ್ ಆಗ್ತಿದೆ, ಅವಳನ್ನು ನಾನು ಕೇಳಿಲ್ಲ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ತಾಮಾರಳನ್ನು ಮರೆಯದ ದೇವರೇ, ಊರೀಯನನ್ನು ಮರೆಯದ ದೇವರೇ, ಈಗ ಈ ಜನರು ನಿನ್ನ ಮುಂದೆ ಹೇಳ್ತಿರೋ ಒಂದೊಂದು ಹೆಸರನ್ನೂ ಕೇಳು. ಅಪ್ಪಾ, ನಮ್ಮ ಅಣ್ಣನ ಮನಸ್ಸನ್ನು ಮೆತ್ತಗೆ ಮಾಡು. ನನ್ನ ಬಾಯಿ ಒರಟಾಗದ ಹಾಗೆ ನೋಡಿಕೋ. ನಾನು ಆ ಬಾಗಿಲಿಗೆ ಹೋದಾಗ ಅವ್ವ ಹೊರಗೆ ಬಂದು ಕೂರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.